ಕಲಬುರಗಿಗೆ ಇನ್ನೊಂದು ದೊಡ್ಡ ಪಾರ್ಕ್ ಬೇಕೋ, ಇರೋ ಪಾರ್ಕುಗಳ ಬೀಗ ತೆಗೀಬೇಕೋ?

ಬೇವಿನ ನೆರಳು · ಭಾನುವಾರ ರಾತ್ರಿ 8:50

ಶರಣು ಎಲ್ಲರಿಗೂ. ಪಾಲಿಕೆ ಬಜೆಟ್‌ಗೆ ಮುಂಚೆ ಕುಸನೂರು ರಸ್ತೆ ಆಚೀಚಿನ ನಾಲ್ಕೈದು ಬಡಾವಣೆಯವರು ಸೇರಿ ಪಾರ್ಕು, ಆಟದ ಬಯಲಿನ ಬಗ್ಗೆ ಒಂದು ಮನವಿ ಕೊಡೋದು ಅಂತ ಮಾತಾಗಿದೆ. ಬರೆಯೋ ಕೆಲಸ ನನ್ನ ತಲೆಗೆ ಬಿತ್ತು. ಕೂತರೆ ಏನು ಕೇಳಬೇಕು ಅನ್ನೋದೇ ತಿಳೀತಿಲ್ಲ.

ಅದಕ್ಕೇ ಇವತ್ತು ಮುಂಜಾನೆ ಮಗಳನ್ನ ಕರ್ಕೊಂಡು, ಹಳೇ ಲೇಔಟ್ ನಕ್ಷೆ ಹಿಡ್ಕೊಂಡು ಸುತ್ತಾಡಿ ಬಂದೆ. ನಕ್ಷೆಯಲ್ಲಿ ಹಸಿರು ಬಳಿದ ಜಾಗ ಐದು. ಮೊದಲನೇದಕ್ಕೆ ಬೀಗ. ಕೀಲಿ ಯಾರ ಹತ್ರ ಅಂದ್ರೆ ಎದುರು ಮನೆಯವರು ಪಕ್ಕದವರನ್ನ ತೋರಿಸಿದ್ರು, ಪಕ್ಕದವರು ಎದುರಿನವರನ್ನ. ಎರಡನೇದರಲ್ಲಿ ಶಾಮಿಯಾನದ ಕಂಬ, ಕುರ್ಚಿ. ಮೂರನೇದು ಪೂರಾ ಬಳ್ಳಾರಿ ಜಾಲಿ. ನಾಲ್ಕನೇದರಲ್ಲಿ ಬೋರ್‌ವೆಲ್, ಪಂಪ್ ಮನೆ, ಮಿಕ್ಕ ಅರ್ಧದಲ್ಲಿ ಯಾರದೋ ಕಾರು. ಐದನೇದೊಂದನ್ನ ಪಾರ್ಕು ಅನ್ನಬಹುದು: ಎರಡು ಜೋಕಾಲಿ, ಒಂದರ ಸರಪಳಿ ಹರಿದಿದೆ, ಆರು ಸಿಮೆಂಟ್ ಬೆಂಚು, ಆರೂ ಬಿಸಿಲಲ್ಲೇ.

ನಮ್ಮವರಲ್ಲೇ ಎರಡು ಪಂಗಡ. ರಿಂಗ್ ರೋಡ್ ಕಡೆ ಒಂದು ದೊಡ್ಡ ಪಾರ್ಕ್ ಮಾಡಿಸಿ ಅಂತ ಕೆಲವರು. ಮೊದಲು ಈ ಐದನ್ನ ಸರಿ ಮಾಡಿಸಿ ಅಂತ ಉಳಿದವರು. ನಿಮ್ಮ ಅಭಿಪ್ರಾಯ ಹೇಳಿ. ನಕ್ಷೆ, ನಿಯಮ ಗೊತ್ತಿರೋರು ಜರಾ ಕೈಹಿಡೀರಿ.

ಹೈದರಾಬಾದ್‌ವಾಸಿ · ಭಾನುವಾರ ರಾತ್ರಿ 9:15

ದೊಡ್ಡದೇ ಕೇಳಿ ಅಕ್ಕೋರೆ. ಕೇಳೋದು ಕೇಳ್ತೀರಿ, ಸಣ್ಣದ್ಯಾಕೆ? ರಜೆಗೆ ಮನೆಗೆ ಬಂದಾಗ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು ಅನ್ನೋದೇ ನನಗೆ ಚಿಂತೆ. ಪಬ್ಲಿಕ್ ಗಾರ್ಡನ್, ಅಪ್ಪನ ಕೆರೆ, ಬುದ್ಧ ವಿಹಾರ. ಎರಡು ದಿನಕ್ಕೆ ಮುಗೀತು. ಇಲ್ಲಿ ಟ್ಯಾಂಕ್‌ಬಂಡ್ ಸುತ್ತ ಹೋದ್ರೆ ಸಂಜೆ ಹೋಗಿದ್ದೇ ಗೊತ್ತಾಗಲ್ಲ. ವಿಭಾಗೀಯ ಕೇಂದ್ರ ನಮ್ಮದು, 2019ರಿಂದ ವಿಮಾನ ನಿಲ್ದಾಣವೂ ಇದೆ. ಒಂದು ಸಂಗೀತ ಕಾರಂಜಿ, ದೋಣಿ, ಮಕ್ಕಳ ರೈಲು ಇರೋ ಪಾರ್ಕು ಬೇಡ್ವಾ?

ಗಂಜ್ ಹುಡುಗ · ಭಾನುವಾರ ರಾತ್ರಿ 9:22

ಭಯ್ಯಾ ನೀ ವರ್ಷದಾಗ ಎರಡು ಸಲ ಬರ್ತಿ. ಕಾರಂಜಿ ನೋಡಿ ಫೋಟೋ ಹೊಡ್ಕೊಂಡು ಹೋಗ್ತಿ. ನಾವು ದಿನಾ ಇಲ್ಲೇ ಇರವ್ರು. ನಮ್ಗ ಸಂಜೀಕ ಆಡ್ಲಕ್ಕ ಜಾಗಾ ಇಲ್ಲ, ಕಾರಂಜಿ ತಗೊಂಡು ಏನ್ ಮಾಡದು? ಒಂದೇ ಮೈದಾನದಾಗ ಭಾನುವಾರ ಆರು ಟೀಮ್ ಆಡ್ತಾವ. ನಮ್ ಫೀಲ್ಡರ್ ಇನ್ನೊಬ್ಬರ ಪಿಚ್ ಮ್ಯಾಲ ನಿಂತಿರ್ತಾನ. ಹೋದ ವಾರ ಅವರ ಚೆಂಡು ನಮ್ಮವನು ಕ್ಯಾಚ್ ಹಿಡ್ದ.

ಹಳೇ ಓವರ್‌ಸಿಯರ್ · ಭಾನುವಾರ ರಾತ್ರಿ 10:05

ಕ್ಯಾಚ್ ಔಟೋ ನಾಟ್ ಔಟೋ?

ಸರಿ, ವಿಷಯಕ್ಕೆ ಬರ್ತೀನಿ. ಲೆಕ್ಕ ಮೊದಲು. ಕೇಂದ್ರದ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕು ಅನ್ನುತ್ತೆ. 2011ರ ಜನಗಣತಿಯಲ್ಲಿ ನಮ್ಮ ಊರು 5.33 ಲಕ್ಷ. ಕನಿಷ್ಠ 10 ಹಿಡಿದರೂ 53.3 ಲಕ್ಷ ಚದರ ಮೀಟರ್, ಅಂದರೆ ಸುಮಾರು 1,317 ಎಕರೆ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಹಾಗಾದರೆ ನಮಗೆ ಐದೂವರೆ ಲಾಲ್‌ಬಾಗ್ ಬೇಕು, ಅದೂ 2011ರ ಜನಸಂಖ್ಯೆಗೆ. ಊರು ಅಲ್ಲಿಂದ ಎಷ್ಟು ಬೆಳೆದಿದೆ ಅನ್ನೋದು ಸೇಡಂ ರಸ್ತೆ ಗುಂಟ ಹೋದವರಿಗೆ ಹೇಳಬೇಕಿಲ್ಲ.

ಈ ಅಂಕಿಯನ್ನ ಮನವಿಯಲ್ಲಿ ಬರೀಬೇಡ ತಂಗಿ. ಅಧಿಕಾರಿ ಓದಿ ನಕ್ಕು ಪಕ್ಕಕ್ಕಿಡ್ತಾನೆ. ಊರಾಚೆ 100 ಎಕರೆ ಕೊಟ್ಟರೂ ತಲಾ ಲೆಕ್ಕ ಏರುತ್ತೆ, ಬ್ರಹ್ಮಪುರದ ಮುದುಕಿ ಕೂಡೋದು ಮಾತ್ರ ತನ್ನ ಮನೆ ಕಟ್ಟೆ ಮೇಲೇ. ಕೇಳಬೇಕಾದ ಪ್ರಶ್ನೆ ಬೇರೆ: ಮನೆಯಿಂದ ಚಪ್ಪಲಿ ಮೆಟ್ಟಿ ಹೊರಟರೆ ಹತ್ತು ನಿಮಿಷದಲ್ಲಿ ನೆರಳಿರೋ, ಗೇಟು ತೆರೆದಿರೋ ಜಾಗ ಸಿಗುತ್ತಾ?

ರೋಜಾ ಗಲ್ಲಿ · ಭಾನುವಾರ ರಾತ್ರಿ 10:31

ಕಾಕಾ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಗೇಟಿನ ಹೊತ್ತನ್ನೂ ಸೇರಿಸಿ. ನಮ್ಮ ಓಣಿ ಹತ್ತಿರದ ಪಾರ್ಕು ರಾತ್ರಿ ಎಂಟಕ್ಕೆ ಬಂದ್. ಏಪ್ರಿಲ್, ಮೇ ತಿಂಗಳಲ್ಲಿ ಎಂಟಕ್ಕೆ ನೆಲ ಇನ್ನೂ ಕಾವು ಕಾರ್ತಿರುತ್ತೆ. ಹೆಂಗಸರಿಗೆ ಅಡುಗೆ, ಊಟ ಮುಗಿದು ಕಾಲು ಚಾಚೋ ಹೊತ್ತೇ ಒಂಬತ್ತು. ರಂಜಾನ್ ತಿಂಗಳಲ್ಲಂತೂ ಊರಿನ ಆ ಭಾಗ ನಡುರಾತ್ರಿವರೆಗೂ ಎಚ್ಚರ ಇರುತ್ತೆ, ಮಕ್ಕಳು ರಸ್ತೆ ಮೇಲೇ ಆಡ್ತಾವೆ. ಮಧ್ಯಾಹ್ನ 11ರಿಂದ 4ರವರೆಗೂ ಗೇಟು ಹಾಕ್ತಾರೆ. ಮರದ ನೆರಳು ಯಾರಿಗಾದ್ರೂ ಖರೇ ಬೇಕಾಗೋದು ಆ ಹೊತ್ತಲ್ಲೇ: ಹಮಾಲರಿಗೆ, ಆಟೋದವರಿಗೆ, ದವಾಖಾನೆಗೆ ಹಳ್ಳಿಯಿಂದ ಬಂದು ಹೊರಗೆ ಕಾಯೋರಿಗೆ.

ಯಾಕೆ ಹಾಕ್ತೀರಿ ಅಂತ ಒಮ್ಮೆ ಕೇಳಿದ್ದೆ. ‘ಬೇಡಾದ ಮಂದಿ ಬಂದು ಮಲಗ್ತಾರೆ’ ಅಂದ್ರು. ಬಿಸಿಲಲ್ಲಿ ದುಡಿದವನು ಮರದ ಕೆಳಗೆ ಅರ್ಧ ತಾಸು ಮಲಗಿದ್ರೆ ಬೇಡಾದವನು ಹೇಗಾದ?

ಬೇವಿನ ನೆರಳು · ಭಾನುವಾರ ರಾತ್ರಿ 10:40

ಇದು ನನಗೆ ಹೊಳೆದೇ ಇರಲಿಲ್ಲ. ನಾನೂ ಪಾರ್ಕು ಅಂದ್ರೆ ಮುಂಜಾನೆ ವಾಕಿಂಗ್ ಅಂತಲೇ ಅಂದ್ಕೊಂಡಿದ್ದೆ.

ವಕೀಲರ ಚೇಂಬರ್ · ಸೋಮವಾರ ಬೆಳಿಗ್ಗೆ 7:10

ಅಕ್ಕ, ಆ ಐದೂ ಜಾಗದ ಕಾಗದ ಮೊದಲು ನೋಡಿ. ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ ಪ್ರಕಾರ ಪ್ರಾಧಿಕಾರ ತಾನು ಮಾಡೋ ಬಡಾವಣೆಯಲ್ಲಿ ಶೇ 15ಕ್ಕೆ ಕಮ್ಮಿ ಇಲ್ಲದಷ್ಟು ಜಾಗ ಉದ್ಯಾನ, ಆಟದ ಮೈದಾನಕ್ಕೆ, ಅದರ ಮೇಲೆ ಶೇ 10 ನಾಗರಿಕ ಸೌಕರ್ಯಕ್ಕೆ ಬಿಡಬೇಕು. 20 ಎಕರೆ ಬಡಾವಣೆ ಅಂದ್ರೆ 3 ಎಕರೆ ಬಯಲು. ಈ ಎರಡು ಲೆಕ್ಕ ಬೇರೆ ಬೇರೆ ಅನ್ನೋದನ್ನ ಜನ ಮರೀತಾರೆ. ಶಾಲೆಗೋ ಸಮುದಾಯ ಭವನಕ್ಕೋ ಜಾಗ ಬೇಕಾದ್ರೆ ಆ ಶೇ 10ರಲ್ಲಿ ನೋಡಬೇಕು, ಪಾರ್ಕಿನ ಮೂಲೆ ಕಡಿಯೋ ಹಾಗಿಲ್ಲ.

ಖಾಸಗಿ ಬಡಾವಣೆಯದು ಬೇರೆ ಕಥೆ. ಬಿಟ್ಟ ಜಾಗವನ್ನ ಮಾಲೀಕ ಪ್ರಾಧಿಕಾರಕ್ಕೆ ನೋಂದಾಯಿಸಿ ಬಿಟ್ಟುಕೊಡಬೇಕು. ಆ ಪತ್ರ ಆಗದೆ ಉಳಿದರೆ ಪಹಣಿಯಲ್ಲಿ ಹಳೇ ಹೆಸರೇ ಮುಂದುವರಿಯುತ್ತೆ. ಇಪ್ಪತ್ತು ವರ್ಷದ ಮೇಲೆ ಮೊಮ್ಮಗ ಬಂದು ‘ಇದು ನಮ್ಮಜ್ಜನ ಹೊಲ’ ಅಂತ ತಂತಿ ಹಾಕ್ತಾನೆ. ಇಂಥದ್ದೊಂದು ಪ್ರಕರಣ ಈಗಲೂ ನನ್ನ ಮೇಜಿನ ಮೇಲಿದೆ, ಬಡಾವಣೆ ಹೆಸರು ಹೇಳಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿ: ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ, ಬಿಟ್ಟುಕೊಟ್ಟ ಪತ್ರದ ಪ್ರತಿ, ಪಾಲಿಕೆಗೆ ಹಸ್ತಾಂತರವಾದ ದಿನಾಂಕ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇಲ್ಲಿ ಬರೆದ ಹಾಗೆ ಉದ್ದಕ್ಕೆ ಬರೆದ್ರೆ ವಾಪಸ್ ಬರುತ್ತೆ.

ಗಂಜ್ ಹುಡುಗ · ಸೋಮವಾರ ಬೆಳಿಗ್ಗೆ 7:48

ವಕೀಲ್ ಸಾಬ್, ಕಾಗದ ಸಿಕ್ಕರ ಆಗದೇನು? ಒಳಗ ಗುಡಿ ಕಟ್ಟಿದ್ರ, ಶೆಡ್ ಹಾಕಿದ್ರ ಯಾರು ತೆಗೀತಾರ?

ವಕೀಲರ ಚೇಂಬರ್ · ಸೋಮವಾರ ಬೆಳಿಗ್ಗೆ 8:20

ಕಾಗದ ಇಲ್ಲದೆ ಹೋದ್ರೆ ಖಂಡಿತ ಯಾರೂ ತೆಗೆಯಲ್ಲ. ಕಾಗದ ಹಿಡಿದು ಗೆದ್ದವರಿದ್ದಾರೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನ ಖಾಸಗಿ ಆಸ್ಪತ್ರೆ ಕಟ್ಟೋಕೆ ಕೊಟ್ಟಿದ್ರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಆಸ್ಪತ್ರೆಯೂ ಸಾರ್ವಜನಿಕರಿಗೇ ಅಲ್ವಾ ಅನ್ನೋ ವಾದ ನಡೀಲಿಲ್ಲ. ಇವತ್ತಿಗೂ ದೇಶದ ಕೋರ್ಟುಗಳಲ್ಲಿ ಪಾರ್ಕಿನ ದಾವೆ ಬಂದ್ರೆ ಆ ತೀರ್ಪು ಉಲ್ಲೇಖ ಆಗುತ್ತೆ. ನಮ್ಮ ರಾಜ್ಯದಲ್ಲಿ ಪಾರ್ಕು, ಆಟದ ಬಯಲು ಕಾಯೋಕೆ 1985ರದ್ದೇ ಒಂದು ಪ್ರತ್ಯೇಕ ಕಾಯ್ದೆ ಇದೆ.

ಗುಡಿ, ಶೆಡ್ ಅಂದ್ಯಲ್ಲ ತಮ್ಮಾ, ಅಡಿಪಾಯ ಹಾಕೋ ದಿನವೇ ದೂರು ಕೊಡಬೇಕು. ಕಳಸ ಏರಿದ ಮೇಲೆ ಕಷ್ಟ.

ಎರೆಮಣ್ಣು · ಸೋಮವಾರ ಮಧ್ಯಾಹ್ನ 2:30

ನರ್ಸರಿ ನಡೆಸೋನು ನಾನು. ಕಾಯ್ದೆ ಗೊತ್ತಿಲ್ಲ, ಗಿಡ ಗೊತ್ತು. ಎಲ್ಲರೂ ಬಿಟ್ಟಿರೋ ಮಾತೊಂದಿದೆ, ನೀರು.

ಹೊಸ ಪಾರ್ಕು ಅಂದ್ರೆ ನಮ್ಮವರಿಗೆ ಮೊದಲು ಕಣ್ಣಿಗೆ ಬರೋದು ಹುಲ್ಲುಹಾಸು. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಅಂತ ಕಮ್ಮಿ ಹಿಡೀರಿ. ಒಂದು ಎಕರೆ 4,047 ಚದರ ಮೀಟರ್. ದಿನಕ್ಕೆ 20 ಸಾವಿರ ಲೀಟರ್ ಆಯ್ತು. ಊರಿಗೆ ತಲಾ 135 ಲೀಟರ್ ಅನ್ನೋ ಲೆಕ್ಕದಲ್ಲಿ ಅದು 150 ಜನರ ಒಂದು ದಿನದ ನೀರು. ನಾವು ಕುಡಿಯೋದು ಭೀಮಾ, ಬೆಣ್ಣೆತೊರೆಯಿಂದ ಬರೋದು. ಮೇ ತಿಂಗಳಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡ್ಕೊಂಡು ಓಡಿದವರು ಆ ಹುಲ್ಲಿಗೆ ಪೈಪ್ ಹಿಡಿದಿದ್ದು ನೋಡಿದ್ರೆ ಸುಮ್ಮನಿರ್ತಾರಾ? ಅದಕ್ಕೇ ಜೂನ್‌ನಲ್ಲಿ ಉದ್ಘಾಟನೆ, ಏಪ್ರಿಲ್‌ಗೆ ಹುಲ್ಲೆಲ್ಲ ಸುಟ್ಟ ಚಾಪೆ.

ಮರ ಹಾಗಲ್ಲ. ಎರಡು ಬೇಸಿಗೆ ದಾಟಿಸಿ ಬಿಡಿ, ಮೂರನೇದಕ್ಕೆ ತಾನೇ ನಿಲ್ಲುತ್ತೆ. ಬೇವು, ಹೊಂಗೆ, ಹುಣಸೆ, ಬಸರಿ, ಅತ್ತಿ, ಅರಳಿ. ಬಸರಿಯ ದಪ್ಪ ಕೊಂಬೆ ನೆಟ್ಟರೂ ಚಿಗುರುತ್ತೆ. ಹುಣಸೆ ನಿಧಾನ, ಆದ್ರೆ ಅದರ ನೆರಳು ಮೊಮ್ಮಕ್ಕಳಿಗೂ ಸಾಕು. ಮಿರಗ ಮಳೆ ಬಿದ್ದು ನೆಲ ಹಸಿಯಾದ ಮೇಲೆ ನೆಡಬೇಕು. ಎದೆಮಟ್ಟ ಬೆಳೆದ ಸಸಿ ತರಬೇಕು, ಗೇಣುದ್ದದ್ದು ಮೇಕೆ ಬಾಯಿಗೇ ಹೋಗೋದು. ಪಬ್ಲಿಕ್ ಗಾರ್ಡನ್‌ನ ಹಳೇ ಮರಗಳ ಕೆಳಗೆ ಮೇ ಮಧ್ಯಾಹ್ನ ನಿಂತು ನೋಡಿ, ಆಮೇಲೆ ಗೇಟಿನ ಹೊರಗೆ ಬಂದು ನಿಲ್ಲಿ. ಹೇಳೋದೇ ಬೇಡ.

ಕೋನೋಕಾರ್ಪಸ್ ಅನ್ನೋ ಹೊರದೇಶದ ಗಿಡ ಮಾತ್ರ ಬೇಡ. ಬೇಗ ಹಸಿರಾಗುತ್ತೆ ಅಂತ ಎಲ್ಲ ಕಡೆ ಅದನ್ನೇ ಸಾಲು ಹಚ್ಚಿದ್ರು. ಗುಜರಾತ್ ಸರ್ಕಾರ 2023ರಲ್ಲಿ ಅದನ್ನ ನೆಡೋದಕ್ಕೇ ತಡೆ ಹಾಕಿದೆ. ನನ್ನ ನರ್ಸರಿಯಲ್ಲೂ ಇತ್ತು, ಒಪ್ಕೋತೀನಿ. ಈಗ ಇಡಲ್ಲ.

ಹೈದರಾಬಾದ್‌ವಾಸಿ · ಸೋಮವಾರ ಮಧ್ಯಾಹ್ನ 3:05

ಹುಲ್ಲಿಗೆ ಕುಡಿಯೋ ನೀರೇ ಯಾಕೆ? ಶುದ್ಧೀಕರಿಸಿದ ಕೊಳಚೆ ನೀರು ಬಳಸಬಹುದಲ್ಲ. ಎಲ್ಲ ಊರಲ್ಲೂ ಮಾಡ್ತಾರೆ.

ಎರೆಮಣ್ಣು · ಸೋಮವಾರ ಮಧ್ಯಾಹ್ನ 3:20

ಬಳಸಬಹುದು ಸರ್. ಘಟಕದಿಂದ ಪಾರ್ಕಿನವರೆಗೆ ಬೇರೆಯೇ ಪೈಪು ಬೇಕು, ಇಲ್ಲ ಟ್ಯಾಂಕರ್ ಬೇಕು. ದೊಡ್ಡ ಪಾರ್ಕು ಒಂದಕ್ಕೆ ಪೈಪು ಎಳೆಯೋದು ಲಾಭ, ಇಪ್ಪತ್ತು ಸಣ್ಣ ಪಾರ್ಕಿಗೆ ಆಗಲ್ಲ. ನೋಡಿ, ನಿಮ್ಮ ಪರವಾಗೇ ಒಂದು ಮಾತು ಹೇಳಿದೆ.

ಹಳೇ ಓವರ್‌ಸಿಯರ್ · ಸೋಮವಾರ ಸಂಜೆ 6:45

ಎರೆಮಣ್ಣು ಅಂತ ಹೆಸರಿಟ್ಟುಕೊಂಡು ಎರೆಮಣ್ಣಿನ ಬಗ್ಗೆ ಹೇಳೋದೇ ಬಿಟ್ಟೆಯಲ್ಲಪ್ಪ. ಅದು ನಾನು ಹೇಳ್ತೀನಿ.

ನಮ್ಮ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಮಳೆಗಾಲದಲ್ಲಿ ಉಬ್ಬುತ್ತೆ. ಈ ಮಣ್ಣಿನ ಜೇಡಿ ನೀರು ಕುಡಿದು ಹಿಗ್ಗೋ ಜಾತಿಯದು. ಅದರ ಮೇಲೆ ನೇರ ಪೇವರ್ ಬ್ಲಾಕ್ ಜೋಡಿಸಿದ್ರೆ ಎರಡನೇ ಮಳೆಗೆ ದಾರಿ ಒಂಟೆ ಬೆನ್ನಾಗುತ್ತೆ. ಮೊದಲು ಎರಡಡಿ ಎರೆ ತೆಗೆದು ಮರಮು, ಅಂದ್ರೆ ಗರಸು ಮಣ್ಣು ತುಂಬಿ ಬಡಿಯಬೇಕು, ನೀರು ಹೋಗೋಕೆ ಪಕ್ಕದಲ್ಲಿ ದಾರಿ ಬಿಡಬೇಕು. ಎಸ್ಟಿಮೇಟ್‌ನಲ್ಲಿ ಈ ಸಾಲು ಇದೆಯೋ ಇಲ್ಲವೋ ನೋಡೋದನ್ನ ಕಲೀರಿ. ನಾನು ಕೆಲಸದಲ್ಲಿದ್ದಾಗ ರೊಕ್ಕ ಉಳಿಸೋಕೆ ಮೊದಲು ಹೊಡೀತಿದ್ದದ್ದೇ ಈ ಸಾಲನ್ನ. ಹೇಳಿಕೊಳ್ಳೋಕೆ ನಾಚಿಕೆ, ಆದ್ರೂ ಖರೇ.

ಶಹಾಬಾದ್ ಕಲ್ಲು ಇಲ್ಲೇ ಪಕ್ಕದಲ್ಲಿ ಸಿಗುತ್ತೆ. ನೆರಳಿರೋ ಕಡೆ ದಾರಿಗೂ ಕಟ್ಟೆಗೂ ಅದೇ ಚೊಲೊ. ಬಿಸಿಲಲ್ಲಿ ಹಾಸಬೇಡಿ, ಬರಿಗಾಲಲ್ಲಿ ಆಡೋ ಮಕ್ಕಳ ಕಾಲು ಸುಡುತ್ತೆ. ಬಯಲು ಜಿಮ್ಮಿನ ಕಬ್ಬಿಣವೂ ಹಾಗೇ. 42 ಡಿಗ್ರಿಯಲ್ಲಿ ಅದರ ಹಿಡಿಕೆ ಮುಟ್ಟಿ ನೋಡಿ, ರೊಟ್ಟಿ ಬೇಯಿಸಬಹುದು.

ಇನ್ನು ಹಣ. 2015ರಲ್ಲಿ ಬಂದ ಕೇಂದ್ರದ ಅಮೃತ್ ನಗರ ಯೋಜನೆಯಲ್ಲಿ ಹಸಿರು ಜಾಗ, ಪಾರ್ಕಿಗೆ ಅಂತಲೇ ಯೋಜನೆ ವೆಚ್ಚದ ಶೇ 2.5ರವರೆಗೆ ಎತ್ತಿಡೋ ಅವಕಾಶ ಇತ್ತು. ಅಂದರೆ ಕಟ್ಟೋ ರೊಕ್ಕ ಎಲ್ಲಿಂದಾದ್ರೂ ಬರುತ್ತೆ. ಕಾಂಪೌಂಡ್, ಕಮಾನು, ಕಲ್ಲಿನ ಆನೆ, ಉದ್ಘಾಟನೆ ಫಲಕ ಎಲ್ಲಾ ಆಗುತ್ತೆ. ಮಾಲಿಯ ಸಂಬಳ ಮಾತ್ರ ಯಾವ ಯೋಜನೆಯಲ್ಲೂ ಬರಲ್ಲ, ಅದು ಪಾಲಿಕೆ ತನ್ನ ಗಂಟಿನಿಂದ ವರ್ಷಾ ವರ್ಷಾ ಕೊಡಬೇಕಾದ್ದು. ಒಬ್ಬ ಮಾಲಿಗೆ ಐದಾರು ಪಾರ್ಕು ಹಚ್ಚಿದ್ರೆ ಅವನು ಗೇಟು ತೆಗೆದು ಹಾಕೋದರಲ್ಲೇ ಹೊತ್ತು ಮುಳುಗುತ್ತೆ. ನನ್ನ ಕೇಳಿದ್ರೆ ಮನವಿಯ ಮೊದಲ ಸಾಲು ಇದೇ ಇರಬೇಕು: ಪಾರ್ಕು ಕೊಡಬೇಡಿ, ಮಾಲಿ ಕೊಡಿ.

ರೋಜಾ ಗಲ್ಲಿ · ಸೋಮವಾರ ಸಂಜೆ 7:02

ಕಲ್ಲಿನ ಆನೆ ಅಂದ್ರಲ್ಲ ಕಾಕಾ, ನಮ್ಮಲ್ಲಿ ಡೈನೋಸಾರ್ ಇದೆ. ಬಾಲ ಮುರಿದಿದೆ. ಮಕ್ಕಳು ಅದನ್ನ ಹಲ್ಲಿ ಅಂತಾರೆ.

ಹುಡುಗಿಯರ ಮಾತು ಯಾರೂ ಎತ್ತಿಲ್ಲ. ಮೈದಾನ ಎಲ್ಲರದ್ದೂ ಅಂತ ಬೋರ್ಡ್ ಇರುತ್ತೆ, ಸಂಜೆ ನೋಡಿದ್ರೆ ಬ್ಯಾಟು ಹಿಡಿದ ಹುಡುಗರದ್ದೇ. ನಮ್ಮ ಶಾಲೆ ಖೋಖೋ ಹುಡುಗಿಯರು ಜಿಲ್ಲಾ ಮಟ್ಟಕ್ಕೆ ಹೋಗ್ತಾರೆ, ಅಭ್ಯಾಸಕ್ಕೆ ಶಾಲೆ ಅಂಗಳ ಬಿಟ್ರೆ ಜಾಗ ಇಲ್ಲ. ಖೋಖೋ ಅಂಕಣ 27 ಮೀಟರ್ ಉದ್ದ, 16 ಅಗಲ. ಸುತ್ತ ಒಂದೂವರೆ ಮೀಟರ್ ಬಿಟ್ರೂ ಐದಾರು ಗುಂಟೆ. ಕಬಡ್ಡಿಗೆ 13 ಮೀಟರ್‌ಗೆ 10, ಒಂದೂವರೆ ಗುಂಟೆ ಸಾಕು. ಬೇವಿನಕ್ಕನ ಜಾಲಿ ಬೆಳೆದ ಜಾಗದಲ್ಲಿ ಎರಡೂ ಹಿಡಿಸುತ್ತೆ. ಸಂಜೆ 5ರಿಂದ 7 ಹುಡುಗಿಯರಿಗೆ ಅಂತ ಬರೆದು ಹಾಕಿ, ಒಂದು ಶೌಚಾಲಯ ಕೊಡಿ, ಒಂದು ಕಂಬಕ್ಕೆ ದೀಪ ಹಾಕಿ. ಶೌಚಾಲಯ ಇಲ್ಲದ ಪಾರ್ಕಿನಲ್ಲಿ ಹೆಂಗಸು ಎಷ್ಟು ಹೊತ್ತು ಇರಬಲ್ಲಳು ಅಂತ ನಕ್ಷೆ ಬರೆಯೋ ಗಂಡಸರು ಮನೆಯಲ್ಲಿ ಒಮ್ಮೆ ಕೇಳಲಿ.

ಗಂಜ್ ಹುಡುಗ · ಸೋಮವಾರ ಸಂಜೆ 7:15

ಟೀಚರ್, ನಮ್ ಟೈಮ್‌ಗೇ ಕೈ ಹಾಕಿದ್ರಿ. ಆದ್ರ ನೀವಂದದ್ದು ಖರೇ ಅದ. ನಮ್ ತಂಗೀನೂ ಆಡ್ತಾಳ, ಮಾಳಿಗಿ ಮ್ಯಾಲ.

ಒಂದು ವಿನಂತಿ. ಶರಣಬಸವೇಶ್ವರ ಗುಡಿ ಜಾತ್ರಿ ಬಯಲಿನಂಥಾ ಜಾಗಾಕ್ಕ ಪಾರ್ಕ್ ಮಾಡ್ತೀನಿ ಅಂತ ಯಾರೂ ಕೈ ಹಚ್ಚಬ್ಯಾಡ್ರಿ. ಹೋಳಿ ಆಗಿ ಐದನೇ ದಿನಕ್ಕ ತೇರು, ಆಗ ಊರೇ ಅಲ್ಲಿ ಇರ್ತದ. ಬಾಕಿ ದಿನ ಹುಡುಗೋರು ಆಡ್ತಾವ, ದನ ಮಲಗ್ತಾವ, ಮಿರ್ಚಿ ಭಜಿ ಬಂಡಿ ನಿಲ್ತಾವ. ಖುಲ್ಲಾ ಬಯಲು ಅಂದ್ರ ಖಾಲಿ ಬಿದ್ದದ ಅಂತಲ್ಲ.

ಮೂರು ಗಾಲಿ · ಸೋಮವಾರ ರಾತ್ರಿ 9:30

ಮೊದಲ ಸಲ ಬರೀತಿದೀನಿ. ಬೀಗ ತೆಗೆಸೋ ಮಾತು ನಡೀತಿದೆ, ಗೇಟಿನ ಮಾತೂ ಸೇರಿಸಿ. ದನ ಬರಬಾರದು ಅಂತ ಪಾರ್ಕಿನ ಬಾಗಿಲಿಗೆ ತಿರುಗೋ ಕಂಬಿ, ಇಲ್ಲಾ ವಕ್ರ ದಾರಿ ಇಡ್ತಾರೆ. ದನ ಹೇಗೋ ನುಗ್ಗುತ್ತೆ, ನನ್ನ ಗಾಡಿ ನುಗ್ಗಲ್ಲ. ಅಂಗವಿಕಲರ ಹಕ್ಕಿನ 2016ರ ಕಾಯ್ದೆ ಬಂದ ಮೇಲೂ ಹೊಸದಾಗಿ ಹಾಗೇ ಮಾಡಿದ್ದನ್ನ ನೋಡಿದೀನಿ. ದೊಡ್ಡದು ಸಣ್ಣದು ಅನ್ನೋ ಜಗಳ ನಿಮಗೆ. ನನಗೆ ಯಾವುದೂ ಆಗಬಹುದು, 90 ಸೆಂಟಿಮೀಟರ್ ಬಾಗಿಲು ಒಂದಿರಲಿ.

ಹೈದರಾಬಾದ್‌ವಾಸಿ · ಸೋಮವಾರ ರಾತ್ರಿ 10:10

ಸೋತೆ, ಕಾರಂಜಿ ಬಿಟ್ಟೆ. ಆದ್ರೆ ಪೂರ್ತಿ ಬಿಡಲ್ಲ. ಫುಟ್ಬಾಲ್ ಅಂಗಳ 105ಕ್ಕೆ 68 ಮೀಟರ್, ಹೆಚ್ಚುಕಡಿಮೆ 70 ಗುಂಟೆ. 400 ಮೀಟರ್ ಓಟದ ಟ್ರ್ಯಾಕ್ ಬೇಕಂದ್ರೆ ನಾಲ್ಕು ಎಕರೆ. ಅದು ನಿಮ್ಮ ಐದು ಗುಂಟೆಯ ಪಾರ್ಕಲ್ಲಿ ಹಿಡಿಸುತ್ತಾ? ಇಡೀ ಊರಿನ ಓಟಗಾರರು ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಒಂದನ್ನೇ ನಂಬಿಕೊಂಡ್ರೆ ಆಳಂದ ಚೆಕ್‌ಪೋಸ್ಟ್ ಕಡೆಯ ಹುಡುಗ ಮುಂಜಾನೆ ಐದಕ್ಕೆ ಹೇಗೆ ಬರ್ತಾನೆ? ಊರು ರಿಂಗ್ ರೋಡ್ ದಾಟಿ ಹರಡ್ತಿದೆ. ಅಲ್ಲಿ ಇನ್ನೂ ಹೊಲ ಇರೋವಾಗಲೇ ನಾಲ್ಕು ದಿಕ್ಕಿಗೆ ನಾಲ್ಕು ದೊಡ್ಡ ಮೈದಾನ ಗುರುತು ಮಾಡದಿದ್ರೆ, ಹತ್ತು ವರ್ಷಕ್ಕೆ ಎಕರೆ ಅಲ್ಲ, ಗುಂಟೆಯೂ ಸಿಗಲ್ಲ.

ಹಳೇ ಓವರ್‌ಸಿಯರ್ · ಸೋಮವಾರ ರಾತ್ರಿ 10:25

ಈಗ ಸರಿಯಾದ ಮಾತಾಡಿದೆ. ಊರಿನ ಮಹಾಯೋಜನೆಯಲ್ಲಿ, ಅಂದ್ರೆ ಮಾಸ್ಟರ್ ಪ್ಲಾನ್‌ನಲ್ಲಿ ಗುರುತಾಗಬೇಕಾದ್ದು ಅದು, ಬಜೆಟ್ ಮನವಿಯಲ್ಲಿ ಬರೋದಲ್ಲ. ಎರಡು ಕಾಗದ ಮಾಡು ತಂಗಿ. ಪಾಲಿಕೆಗೆ ಬೀಗ, ಮಾಲಿ, ದೀಪ, ಶೌಚಾಲಯ. ಪ್ರಾಧಿಕಾರಕ್ಕೆ ನಾಲ್ಕು ಮೈದಾನ. ಒಂದೇ ಕಾಗದದಲ್ಲಿ ಎರಡನ್ನೂ ತುರುಕಿದ್ರೆ ಅವರು ಇವರ ಕಡೆ, ಇವರು ಅವರ ಕಡೆ ಬೊಟ್ಟು ಮಾಡ್ತಾರೆ, ನಿನ್ನ ಎದುರು ಮನೆ ಪಕ್ಕದ ಮನೆಯವರ ಹಾಗೆ.

ಎರೆಮಣ್ಣು · ಮಂಗಳವಾರ ಬೆಳಿಗ್ಗೆ 6:40

ಕೋಟೆ ಕಂದಕದ ಸುತ್ತ ನಡೆಯೋ ದಾರಿ, ಬೇವಿನ ಸಾಲು ಕೇಳಬಹುದಾ? ಜಾಗ ಅಷ್ಟಿದೆ.

ವಕೀಲರ ಚೇಂಬರ್ · ಮಂಗಳವಾರ ಬೆಳಿಗ್ಗೆ 7:30

ಕೋಟೆ ಕೇಂದ್ರ ಪುರಾತತ್ವ ಇಲಾಖೆ ರಕ್ಷಣೆಯಲ್ಲಿದೆ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಗೋಡೆ ಬುಡದಲ್ಲಿ ಮರ ನೆಟ್ರೆ ಬೇರು ಕಲ್ಲು ಸೀಳುತ್ತೆ, ಅವರು ಒಪ್ಪಲ್ಲ, ಒಪ್ಪಲೂಬಾರದು. ಒಳಗಿರೋ ಜಾಮಾ ಮಸೀದಿ 1367ರದ್ದು. ಮಣ್ಣಿನ ಕಾಲುದಾರಿ ಮಟ್ಟಿಗೆ ಕೇಳಿ ನೋಡಬಹುದು. ಮೂರನೇ ಕಾಗದ ಆಗುತ್ತೆ. ಈಗ ಬೇಡ.

ಬೇವಿನ ನೆರಳು · ಮಂಗಳವಾರ ರಾತ್ರಿ 8:15

ಎರಡು ಕಾಗದ ಬರೆದೆ. ಮಾಹಿತಿ ಹಕ್ಕಿನ ಅರ್ಜಿ ಬರೆದು ಎಣಿಸಿದ್ರೆ 212 ಪದ ಆಗಿತ್ತು. ‘ಮಾನ್ಯರೇ, ಸವಿನಯ’ ಎಲ್ಲ ತೆಗೆದು 148ಕ್ಕೆ ತಂದೆ. ಮನವಿ ಜತೆ ಐದೂ ಜಾಗದ ಅಳತೆ ಇದ್ರೆ ಚೊಲೊ ಅಂತ ಕಾಕಾ ಫೋನ್ ಮಾಡಿ ಹೇಳಿದ್ರು. ಬರೋ ಭಾನುವಾರ ಮುಂಜಾನೆ ಆರಕ್ಕೆ ಅಳೆಯೋಕೆ ಹೋಗ್ತಿದೀವಿ. ಉದ್ದನೇ ಟೇಪ್ ಯಾರ ಹತ್ರ ಇದೆ?

ಗಂಜ್ ಹುಡುಗ · ಮಂಗಳವಾರ ರಾತ್ರಿ 8:19

ಟೇಪ್ ಇಲ್ಲ ಅಕ್ಕ. ಪಿಚ್ ಅಳಿಯ 22 ಗಜದ ಹಗ್ಗ ಅದ. ತರ್ತೀನಿ, ನಾಕು ಮಂದೀನೂ ಕರ್ಕೊಂಡು ಬರ್ತೀನಿ. ಜಾಲಿ ಮುಳ್ಳು ಅದ ಅಂದ್ರಿ, ಬೂಟ್ ಹಾಕ್ಕೊಂಡು ಬರ್ತೀವಿ.

ಮೂರು ಗಾಲಿ · ಮಂಗಳವಾರ ರಾತ್ರಿ 8:40

ಬೀಗದ ಕೀಲಿ ಸಿಕ್ತಾ? ಸಿಕ್ಕಿದ್ರೆ ನಾನೂ ಬರ್ತೀನಿ, ಬಾಗಿಲಗಲ ನಾನೇ ಅಳೀತೀನಿ.

ಬೇವಿನ ನೆರಳು · ಮಂಗಳವಾರ ರಾತ್ರಿ 8:52

ಸಿಕ್ತು, ಪಕ್ಕದ ಮನೆಯವರ ಹತ್ರಾನೇ ಇತ್ತು. ಬೀಗಕ್ಕೆ ತುಕ್ಕು ಹಿಡಿದು ತೆರೀತಿಲ್ಲ. ಬರೋವಾಗ ಯಾರಾದ್ರೂ ಒಂದಿಷ್ಟು ಎಣ್ಣೆ ತನ್ನಿ.